ಸುಳ್ಳಾಗಬೇಕಾದ ಭವಿಷ್ಯ

ಕ್ಷಯರೋಗಿಗೆ ಔಷಧಿಯನ್ನು ಆರಂಭಿಸುವ ದಿನವೇ, ಆತನು ಚಿಕಿತ್ಸೆಯನ್ನು ಪೂರೈಸಿ ಗುಣ ಹೊಂದುವನೋ, ನಡುವೆಯೇ ಬಿಟ್ಟುಹೋಗುವನೋ, ಇಲ್ಲವೆ ರೋಗವೇ ಆತನನ್ನು ಗೆಲ್ಲುವುದೋ ಎಂಬುದನ್ನು ಲೆಕ್ಕಹಾಕಿ ಮುಂದಾಗಿ ತಿಳಿಸುವ ಕಂಪ್ಯೂಟರ್ ವಿಧಾನಗಳು ನಮ್ಮ ದೇಶದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯನ್ನು ಪ್ರವೇಶಿಸಿವೆ. ಯಂತ್ರಕಲಿಕೆಯೆಂದು ಕರೆಯಲ್ಪಡುವ ಈ ವಿದ್ಯೆ ಪಂಡಿತರ ಚರ್ಚೆಗೆ ಸೇರಿದುದು, ಕಾಂದಿವಲಿಯ ಚಾಳುಗಳಲ್ಲಿಯೂ ಹೋಟೆಲುಗಳ ಅಟ್ಟಗಳಲ್ಲಿಯೂ ಬಾಳುವ ನಮ್ಮವರಿಗೆ ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಆಗಬೇಕಾದುದು ಬಹಳವಿದೆ. ಈ ವಿದ್ಯೆಯ ಒಂದು ಮುಖ್ಯ ಪರೀಕ್ಷೆ ನಡೆದುದು ಇದೇ ಮುಂಬಯಿಯ ಕ್ಷಯರೋಗಿಗಳ ದಾಖಲೆಗಳ ಮೇಲೆ. ಊರು ಬಿಟ್ಟು ಬಂದು ದುಡಿಯುವವರ ಬಾಳು ಆ ದಾಖಲೆಗಳಲ್ಲಿ ಯಾವ ರೂಪದಲ್ಲಿ ಕಾಣಿಸಿಕೊಳ್ಳುವುದೆಂಬುದರ ಮೇಲೆ ಅವರ ಹೆಸರಿನ ಮುಂದೆ ಯಾವ ಗುರುತು ಬೀಳುವುದೆಂಬುದು ನಿಂತಿದೆ.

ಮೊದಲು ವಿಷಯವನ್ನು ಸರಳವಾಗಿ ತಿಳಿದುಕೊಳ್ಳೋಣ. ನಲವತ್ತು ವರ್ಷ ರೋಗಿಗಳನ್ನು ಕಂಡ ವೈದ್ಯನಿಗೆ ಹೊಸ ರೋಗಿಯ ಮುಖ ನೋಡಿದೊಡನೆ ಒಂದು ಅಂದಾಜು ಹುಟ್ಟುತ್ತದೆ. ಅದು ಅನುಭವದ ಫಲ. ಯಂತ್ರವು ಅದೇ ಕೆಲಸವನ್ನು ದಾಖಲೆಗಳಿಂದ ಮಾಡುತ್ತದೆ. ಸಾವಿರಾರು ರೋಗಿಗಳ ವಯಸ್ಸು, ತೂಕ, ಹಿಂದಿನ ಚಿಕಿತ್ಸೆ, ಔಷಧಿ ತಪ್ಪಿದ ದಿನಗಳು, ಕೊನೆಗೆ ಆದ ಫಲ ಇವೆಲ್ಲವನ್ನೂ ಅದರ ಮುಂದಿಟ್ಟರೆ, ಯಾವ ಯಾವ ಲಕ್ಷಣಗಳು ಕೂಡಿದಾಗ ಯಾವ ಫಲವಾಯಿತೆಂಬುದನ್ನು ಅದು ಹುಡುಕಿ ತೆಗೆದು, ಹೊಸ ರೋಗಿಗೆ ಆ ಲೆಕ್ಕವನ್ನು ಅನ್ವಯಿಸುತ್ತದೆ. ಏಕೆ ಹಾಗಾಯಿತೆಂಬುದು ಯಂತ್ರಕ್ಕೆ ತಿಳಿಯದು. ದಾಖಲೆಯಲ್ಲಿ ಬರೆದುದಷ್ಟೇ ಅದರ ಲೋಕ; ಬರೆಯದೆ ಉಳಿದುದು ಅದರ ಪಾಲಿಗೆ ನಡೆದೇ ಇಲ್ಲ.

ಇಂತಹ ಮುನ್ಸೂಚನೆಯಲ್ಲಿ ಎರಡು ಬಗೆಗಳುಂಟು. ಮೊದಲನೆಯದು ರೋಗಾಣುವನ್ನು ಕುರಿತದ್ದು. ಕ್ಷಯದ ಅಣುವಿನ ವಂಶವಾಹಿಯನ್ನು ಓದಿ, ಅದು ಯಾವ ಔಷಧಿಗೆ ಬಗ್ಗುವುದು, ಯಾವುದಕ್ಕೆ ಬಗ್ಗದು ಎಂದು ಹೇಳುವುದು ಈಗ ಸಾಧ್ಯವಾಗಿದೆ. ೨೦೧೮ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದು ೧೬ ದೇಶಗಳ ೧೦,೨೦೯ ಮಾದರಿಗಳನ್ನು ಪರಿಶೀಲಿಸಿ, ಮೊದಲ ಸಾಲಿನ ನಾಲ್ಕು ಔಷಧಿಗಳ ವಿಷಯದಲ್ಲಿ ಇಂತಹ ಸೂಚನೆ ಬಹುಮಟ್ಟಿಗೆ ವಿಶ್ವಾಸಾರ್ಹವೆಂದು ತೋರಿಸಿತು. ೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಔಷಧಿಗೆ ಬಗ್ಗದ ಮಾರ್ಪಾಡುಗಳ ಪಟ್ಟಿಯನ್ನೇ ಹೊರತಂದಿತು. ಮುಂಬಯಿಗೆ ಇದರ ಬೆಲೆ ಗೊತ್ತು. ಪರೀಕ್ಷಿಸಿದ ಯಾವ ಔಷಧಿಗೂ ಬಗ್ಗದ ಕ್ಷಯವನ್ನು ನಾಲ್ವರು ರೋಗಿಗಳಲ್ಲಿ ಕಂಡುದಾಗಿ ೨೦೧೧ರ ಕೊನೆಯಲ್ಲಿ ಜಗತ್ತಿಗೆ ತಿಳಿಸಿದವರು ಇದೇ ನಗರದ ಹಿಂದುಜಾ ಆಸ್ಪತ್ರೆಯ ಡಾಕ್ಟರ್ ಝರೀರ್ ಉದ್ವಾಡಿಯಾ ಮತ್ತು ಅವರ ಸಂಗಡಿಗರು. ಧಾರಾವಿಯ ೧೦೬ ಖಾಸಗಿ ವೈದ್ಯರಲ್ಲಿ ಬಹು ಔಷಧಿಗಳಿಗೆ ಬಗ್ಗದ ಕ್ಷಯಕ್ಕೆ ಸರಿಯಾದ ಔಷಧಿಚೀಟಿ ಬರೆಯಬಲ್ಲವರು ಕೇವಲ ಐವರು ಎಂಬುದನ್ನೂ ಅವರ ಇನ್ನೊಂದು ಅಧ್ಯಯನ ಬಯಲಿಗೆ ತಂದಿತ್ತು. ರೋಗವು ಗಟ್ಟಿಯಾಗುವುದಕ್ಕೆ ರೋಗಿಯೊಬ್ಬನೇ ಕಾರಣನಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎರಡನೆಯ ಬಗೆಯ ಮುನ್ಸೂಚನೆ ಮನುಷ್ಯನನ್ನು ಕುರಿತದ್ದು. ನಮ್ಮ ಇಂದಿನ ವಿಚಾರ ಮುಖ್ಯವಾಗಿ ಅದೇ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ ಬೇಕು. ಕೆಲವು ವಾರಗಳಲ್ಲಿಯೇ ಜ್ವರ ಇಳಿಯುತ್ತದೆ, ಕೆಮ್ಮು ಕಡಿಮೆಯಾಗುತ್ತದೆ, ಮೈಯಲ್ಲಿ ಶಕ್ತಿ ಬಂದಂತೆ ತೋರುತ್ತದೆ. ಆಗ ಮಾತ್ರೆಯನ್ನು ಕೈಬಿಡುವವರುಂಟು. ಇದನ್ನು ತಿಳಿಯುವುದಕ್ಕಾಗಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಬಿಲ್ ಥೀಸ್ ಮತ್ತು ಅವರ ಜೊತೆಗಾರರು ೯೯ಡಾಟ್ಸ್ ಎಂಬ ಉಪಾಯವೊಂದನ್ನು ರೂಪಿಸಿದರು. ಮಾತ್ರೆಯ ಹಾಳೆಗೆ ಒಂದು ಹೊದಿಕೆ. ಮಾತ್ರೆಯನ್ನು ಒತ್ತಿ ತೆಗೆದಾಗ ಅದರ ಹಿಂದೆ ಅಡಗಿರುವ ಫೋನ್ ಸಂಖ್ಯೆ ಕಾಣುತ್ತದೆ. ರೋಗಿಯು ಆ ಸಂಖ್ಯೆಗೆ ಕಾಸಿಲ್ಲದ ಕರೆಯನ್ನು ಮಾಡಿದರೆ ಅಂದಿನ ಮಾತ್ರೆಯನ್ನು ಸೇವಿಸಿದನೆಂದು ದಾಖಲಾಗುತ್ತದೆ. ಉಪಾಯವು ಅಗ್ಗವಾದುದು, ಜಾಣತನದ್ದು.

ಈ ಕರೆಗಳ ಮುಂಬಯಿ ದಾಖಲೆಯನ್ನು ತೆಗೆದುಕೊಂಡು ಅಮೆರಿಕೆಯ ವಿಶ್ವವಿದ್ಯಾಲಯಗಳ ವಿದ್ವಾಂಸರು ೨೦೧೯ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸುಮಾರು ೧೭,೦೦೦ ರೋಗಿಗಳು, ೨೧ ಲಕ್ಷ ಮಾತ್ರೆಗಳ ಲೆಕ್ಕ. ಆಗ ಬಳಕೆಯಲ್ಲಿದ್ದ ಸರಳ ನಿಯಮಗಳಿಗಿಂತ ತಮ್ಮ ಯಂತ್ರದ ಲೆಕ್ಕವನ್ನು ಅನುಸರಿಸಿದರೆ, ಶೇಕಡಾ ೨೧ರಷ್ಟು ಹೆಚ್ಚು ರೋಗಿಗಳನ್ನು ಸಕಾಲದಲ್ಲಿ ತಲುಪಬಹುದೆಂದೂ, ತಪ್ಪಿಹೋಗುವ ಮಾತ್ರೆಗಳಲ್ಲಿ ಶೇಕಡಾ ೭೬ರಷ್ಟು ಹೆಚ್ಚಿನವನ್ನು ಮುಂದಾಗಿಯೇ ಕಾಣಬಹುದೆಂದೂ ಅವರು ತಿಳಿಸಿದರು. ಇದು ಕಳೆದುಹೋದ ದಿನಗಳ ದಾಖಲೆಯ ಮೇಲೆ ಹಾಕಿದ ಲೆಕ್ಕವೆಂಬುದನ್ನು ಮರೆಯಬಾರದು. ಆದರೂ ಕೆಲವೇ ಕಾರ್ಯಕರ್ತರು ಅನೇಕ ರೋಗಿಗಳನ್ನು ನೋಡಿಕೊಳ್ಳಬೇಕಾದ ನಗರದಲ್ಲಿ, ಇಂದು ಯಾರ ಮನೆಯ ಬಾಗಿಲು ತಟ್ಟಬೇಕೆಂಬುದನ್ನು ಸರಿಯಾಗಿ ತಿಳಿಸುವ ಸಾಧನವನ್ನು ಹಗುರವಾಗಿ ಕಾಣುವಂತಿಲ್ಲ.

ಅದೇ ಅಧ್ಯಯನದಲ್ಲಿ ಅಂಕಿಗಳಿಗಿಂತ ಮನನೀಯವಾದ ಸಂಗತಿಯೊಂದಿದೆ. ಕರೆಗಳು ತಪ್ಪಿದ ರೋಗಿಯನ್ನು ಕಾಣಲು ಆರೋಗ್ಯ ಕಾರ್ಯಕರ್ತೆಯೊಬ್ಬಳು ಹೋಗುತ್ತಾಳೆ. ಕುಶಲ ಕೇಳುತ್ತಾಳೆ, ಬುದ್ಧಿ ಹೇಳುತ್ತಾಳೆ, ಅಡಚಣೆಯನ್ನು ಬಿಡಿಸುತ್ತಾಳೆ. ರೋಗಿ ಮತ್ತೆ ಮಾತ್ರೆ ಹಿಡಿಯುತ್ತಾನೆ, ಗುಣವಾಗುತ್ತಾನೆ. ದಾಖಲೆಯಲ್ಲಿ ಕರೆ ತಪ್ಪಿದುದು ಇದೆ, ಗುಣವಾದುದೂ ಇದೆ. ನಡುವೆ ಮೆಟ್ಟಲು ಹತ್ತಿ ಬಂದ ಆ ಹೆಂಗಸಿನ ಭೇಟಿ ಮಾತ್ರ ಇಲ್ಲ. ಇಂತಹ ದಾಖಲೆಯನ್ನು ಹಾಗೆಯೇ ಯಂತ್ರಕ್ಕೆ ಉಣಿಸಿದರೆ ಅದು ಕಲಿಯುವುದೇನು? ಹಲವು ದಿನ ಮಾತ್ರೆ ತಪ್ಪಿಸಿದವನಿಗೂ ಅಂತಹ ಅಪಾಯವಿಲ್ಲ, ಅವನನ್ನು ಬಿಟ್ಟರೂ ನಡೆದೀತು ಎಂಬ ವಿಪರೀತ ಪಾಠವನ್ನು! ಯಾವ ಭೇಟಿಯಿಂದ ಒಬ್ಬನು ಉಳಿದನೋ ಆ ಭೇಟಿಯೇ ಬೇಡವೆಂದು ಯಂತ್ರವು ಸಲಹೆ ಕೊಟ್ಟೀತು. ಆ ವಿದ್ವಾಂಸರು ಈ ಬಲೆಯನ್ನು ಗುರುತಿಸಿ, ಅದರಿಂದ ತಪ್ಪಿಸಿಕೊಳ್ಳುವ ದಾರಿಯನ್ನು ತಮ್ಮ ಲೆಕ್ಕದಲ್ಲಿ ಹುಡುಕಿದರು. ಎಲ್ಲರೂ ಇಷ್ಟು ಎಚ್ಚರದಿಂದ ಇರುವರೆಂಬ ಭರವಸೆಯನ್ನು ಯಾರು ಕೊಡುವರು?

ಎರಡನೆಯ ತೊಡಕು ಕರೆಯದು. ಯಂತ್ರ ಎಣಿಸುವುದು ಮಾತ್ರೆಯನ್ನಲ್ಲ, ಕರೆಯನ್ನು. ಚೆನ್ನೈ, ವೆಲ್ಲೂರು, ಮುಂಬಯಿಗಳ ರೋಗಿಗಳ ಮೂತ್ರಪರೀಕ್ಷೆ ಮಾಡಿ ಔಷಧಿಯ ಅಂಶವಿದೆಯೇ ಎಂದು ನೋಡಿ, ಕರೆಗಳ ದಾಖಲೆಯೊಡನೆ ತಾಳೆ ಹಾಕಿದ ಸಂಶೋಧಕರಿಗೆ ಎರಡೂ ಸಾಕಷ್ಟು ಹೊಂದದಿರುವುದು ಕಂಡುಬಂದಿತು. ಮಾತ್ರೆ ನುಂಗಿಯೂ ಕರೆ ಮಾಡದವರು ಇದ್ದರು. ಇದರಲ್ಲಿ ಆಶ್ಚರ್ಯವಿಲ್ಲ. ಮನೆಗೆಲ್ಲ ಒಂದೇ ಫೋನು ಇದ್ದು ಅದು ಗಂಡನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುವಾಗ ಹೆಂಡತಿ ಕರೆ ಮಾಡುವುದೆಂತು? ಬೆಳಗಿನ ಐದು ಗಂಟೆಗೆ ಒಲೆಯ ಮುಂದೆ ನಿಲ್ಲುವ ಹುಡುಗನ ಫೋನು ಟ್ರಂಕಿನಲ್ಲಿ ಬಿದ್ದಿರುವಾಗ ಅವನ ಲೆಕ್ಕ ಇಡುವವರಾರು? ಯಂತ್ರದ ಕಣ್ಣಿಗೆ ಇವರಿಬ್ಬರೂ ಔಷಧಿ ಬಿಟ್ಟವರೇ.

ಯಾವುದನ್ನು ಅಳೆಯಬೇಕೋ ಅದನ್ನು ಬಿಟ್ಟು ಸುಲಭವಾಗಿ ಸಿಕ್ಕುದನ್ನು ಅಳೆದರೆ ಆಗುವ ಅನ್ಯಾಯಕ್ಕೆ ಅಮೆರಿಕೆಯಲ್ಲಿಯೇ ನಿದರ್ಶನವಿದೆ. ಅಲ್ಲಿನ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕೆಂದು ನಿರ್ಧರಿಸುತ್ತಿದ್ದ ಒಂದು ಲೆಕ್ಕವಿಧಾನವು ರೋಗದ ಬದಲಿಗೆ ಚಿಕಿತ್ಸೆಗೆ ತಗಲುವ ವೆಚ್ಚವನ್ನು ಊಹಿಸುತ್ತಿತ್ತು. ಬಡವರಾದ ಕರಿಯ ಜನರಿಗಾಗಿ ವೆಚ್ಚವಾಗುತ್ತಿದ್ದುದೇ ಕಡಿಮೆ. ಆದ್ದರಿಂದ ಅವರಿಗೆ ರೋಗವೂ ಕಡಿಮೆಯೆಂದು ಯಂತ್ರ ತಿಳಿಯಿತು. ಈ ದೋಷವನ್ನು ತಿದ್ದಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇಕಡಾ ೧೭.೭ರಿಂದ ೪೬.೫ಕ್ಕೆ ಏರುವುದೆಂದು ೨೦೧೯ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಯಂತ್ರಕ್ಕೆ ದ್ವೇಷವಿರಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ರೋಗಿಯ ಮೇಲೆ ತಪ್ಪು ಹೊರಿಸುವ ಅಭ್ಯಾಸ ಯಂತ್ರದೊಡನೆ ಹುಟ್ಟಿದುದಲ್ಲ. ಬಡವರು ಮನೆಯಲ್ಲಿದ್ದು ಕ್ಷಯದ ಔಷಧಿಯನ್ನು ನಿಯಮವಾಗಿ ಸೇವಿಸಲಾರರು, ಅವರಿಗೆ ಸ್ಯಾನಟೋರಿಯಮ್ಮೇ ಗತಿ ಎಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ಆ ನಂಬಿಕೆಯನ್ನು ಪರೀಕ್ಷೆಗೊಡ್ಡಿ, ಇಕ್ಕಟ್ಟಿನ ಮನೆಯಲ್ಲಿ, ಅರೆಹೊಟ್ಟೆಯಲ್ಲಿದ್ದು ಔಷಧಿ ಪಡೆದವರೂ ಸ್ಯಾನಟೋರಿಯಮ್ಮಿನವರಂತೆಯೇ ಗುಣ ಹೊಂದಿದರೆಂದು ೧೯೫೯ರಲ್ಲಿ ಸಾರಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಪ್ರಾರಂಭವಾಯಿತು. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮಿದರೂ ಆಸ್ಪತ್ರೆಯ ಕಡೆ ಸುಳಿಯರು ಎಂಬ ಮಾತನ್ನು ಪರೀಕ್ಷಿಸಲು ಅಲ್ಲಿಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಹೊಕ್ಕರು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅವರ ಕೈಗೆ ದೊರೆತುದು ಬಹುಶಃ ಕೆಮ್ಮಿನ ಔಷಧಿಯ ಸೀಸೆ ಮಾತ್ರ! ೧೯೬೩ರಲ್ಲಿ ಪ್ರಕಟವಾದ ಆ ಅಧ್ಯಯನದ ಪಾಠ ಇಂದಿಗೂ ಹಳೆಯದಾಗಿಲ್ಲ. ತಪ್ಪಿದವನು ರೋಗಿಯೆಂದು ತೋರುವಲ್ಲಿ ತಪ್ಪಿದುದು ವ್ಯವಸ್ಥೆಯೇ ಎಂಬುದನ್ನು ಕನ್ನಡ ನಾಡಿನ ಹಳ್ಳಿಗಳು ಆಗಲೇ ತೋರಿಸಿಕೊಟ್ಟಿದ್ದವು.

ಈ ದೃಷ್ಟಿಯಿಂದ ಕಾಂದಿವಲಿಯತ್ತ ನೋಡೋಣ. ಪೂರ್ವದಲ್ಲಿ ಆಕುರ್ಲಿ ರಸ್ತೆಯ ಕಾರ್ಖಾನೆಗಳು, ಪೊಯಿಸರ್ ಮತ್ತು ಗುಡ್ಡದ ತಪ್ಪಲಿನ ಕಿಕ್ಕಿರಿದ ವಸತಿಗಳು. ಪಶ್ಚಿಮದಲ್ಲಿ ಚಾರ್ಕೋಪ್, ಡಹಾಣೂಕರವಾಡಿ, ಲಾಲ್‌ಜಿಪಾಡಾ. ಇಲ್ಲಿ ದಕ್ಷಿಣ ಕನ್ನಡ, ಉಡುಪಿಗಳಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರಿದ್ದಾರೆ. ಕಲಬುರಗಿ, ವಿಜಯಪುರ, ಯಾದಗಿರಿಗಳಿಂದ ಬಂದು ಕಟ್ಟಡ ಕಟ್ಟುವವರಿದ್ದಾರೆ. ಇಂತಹ ದುಡಿಮೆಗಾರನು ಬಿತ್ತನೆಗೆ, ಜಾತ್ರೆಗೆ, ಮನೆಯ ಮದುವೆಗೆ ಊರಿಗೆ ಹೋಗುತ್ತಾನೆ. ಕೆಲಸ ಮುಗಿದೊಡನೆ ಇನ್ನೊಂದು ಉಪನಗರಕ್ಕೆ ಸಾಗುತ್ತಾನೆ. ಫೋನಿನ ಸಂಖ್ಯೆ ಬದಲಾಗುತ್ತದೆ. ಚಿಕಿತ್ಸಾಲಯ ತೆರೆದಿರುವ ಹೊತ್ತು ಅವನ ದುಡಿಮೆಯ ಹೊತ್ತೇ ಆಗಿರುತ್ತದೆ. ಅಲ್ಲಿ ಕೇಳುವ ಮರಾಠಿ, ಹಿಂದಿಗಳು ಹೊಸದಾಗಿ ಬಂದವನಿಗೆ ಅರ್ಧಂಬರ್ಧ. ಇಂತಹವನ ವಿವರಗಳನ್ನು ಕೊಟ್ಟರೆ ಯಂತ್ರವು ಅಪಾಯದ ಗುರುತನ್ನು ಹಾಕಿದರೆ ಸೋಜಿಗವೇನು? ಆದರೆ ಅಪಾಯವು ಆ ಮನುಷ್ಯನ ಸ್ವಭಾವದಲ್ಲಿ ಇಲ್ಲ. ಅವನ ದುಡಿಮೆಯ ವೇಳೆಯಲ್ಲಿದೆ, ಬಾಡಿಗೆಯ ಕೋಣೆಯಲ್ಲಿದೆ, ತಟ್ಟೆಯಲ್ಲಿಲ್ಲದ ಅನ್ನದಲ್ಲಿದೆ. ಯಂತ್ರದ ಗುರುತು ರೋಗಿಯ ಶೀಲಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ. ಅವನ ಪರಿಸ್ಥಿತಿಯ ವರದಿ. ಇದೇ ನಾವು ಒತ್ತಿ ಹೇಳಬೇಕೆಂದಿರುವ ಮಾತು.

ವರದಿಯೆಂದು ತಿಳಿದು ಕೆಲಸ ಮಾಡಿದರೆ ಫಲವುಂಟೆಂಬುದಕ್ಕೆ ನೆರೆಯ ತಮಿಳುನಾಡು ನಿದರ್ಶನವಾಗಿದೆ. ಅಲ್ಲಿ ೨೦೨೨ರಲ್ಲಿ ಆರಂಭವಾದ ಯೋಜನೆಯಂತೆ, ಕ್ಷಯವೆಂದು ತಿಳಿದೊಡನೆ ರೋಗಿಯ ಎತ್ತರ ತೂಕಗಳ ಪ್ರಮಾಣ, ಕಾಲಿನ ಬಾವು, ಉಸಿರಾಟದ ವೇಗ, ರಕ್ತದಲ್ಲಿನ ಆಮ್ಲಜನಕ, ಆಸರೆಯಿಲ್ಲದೆ ನಿಲ್ಲುವ ಶಕ್ತಿ ಇವನ್ನು ನೋಡಿ, ತೀವ್ರ ಸ್ಥಿತಿಯವರನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ೨೦೨೫ರಲ್ಲಿ ಇದಕ್ಕೆ ಮರಣಸಂಭವವನ್ನು ಲೆಕ್ಕಹಾಕುವ ವಿಧಾನವನ್ನೂ ಜೋಡಿಸಿದರು. ಇಲ್ಲಿ ಮೆಚ್ಚಬೇಕಾದುದು ಲೆಕ್ಕದ ಸೂಕ್ಷ್ಮತೆಯನ್ನಲ್ಲ, ಲೆಕ್ಕದ ಬೆನ್ನಿಗೇ ಒಂದು ಹಾಸಿಗೆಯನ್ನು ಸಿದ್ಧವಾಗಿ ಇಟ್ಟಿರುವುದನ್ನು. ಅನ್ನದ ಮಾತಿಗೂ ಆಧಾರವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಅನುರಾಗ್ ಭಾರ್ಗವ, ಡಾಕ್ಟರ್ ಮಾಧವಿ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡದಲ್ಲಿ ೨,೮೦೦ ರೋಗಿಗಳ ಕುಟುಂಬಗಳೊಡನೆ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಮಂದಿಗೆ ಆಹಾರಧಾನ್ಯ ಒದಗಿಸಿದುದರಿಂದ ಅವರಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡಾ ೩೯ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಮರಣವೂ ಬಹಳ ಕಡಿಮೆಯಿತ್ತು. ತೂಕ ಕಡಿಮೆಯಿರುವವನಿಗೆ ಅಪಾಯ ಹೆಚ್ಚೆಂದು ಯಂತ್ರ ಹೇಳಿದಾಗ ಅದಕ್ಕೆ ಕೊಡಬೇಕಾದ ಉತ್ತರ ಅಕ್ಕಿ ಬೇಳೆಗಳೇ. ಸರಕಾರವು ಕ್ಷಯರೋಗಿಗೆ ಕೊಡುವ ಪೋಷಣೆಯ ಹಣವನ್ನು ೨೦೨೪ರ ನವೆಂಬರಿನಿಂದ ತಿಂಗಳಿಗೆ ೫೦೦ರಿಂದ ೧,೦೦೦ ರೂಪಾಯಿಗೆ ಏರಿಸಿದುದು ಸ್ವಾಗತಾರ್ಹ.

ಮುಂಬಯಿಯಲ್ಲಿಯೇ ೨೦೧೮ರಲ್ಲಿ ಉದ್ಘಾಟನೆಗೊಂಡ ವಾಧ್ವಾನಿ ಕೃತಕ ಬುದ್ಧಿಮತ್ತೆ ಸಂಸ್ಥೆಯು, ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮದೊಡನೆ ಕೂಡಿ, ಚಿಕಿತ್ಸೆಯ ಆರಂಭದಲ್ಲಿಯೇ ಅಪಾಯದ ರೋಗಿಗಳನ್ನು ಗುರುತಿಸುವ ಸಾಧನವನ್ನು ರೂಪಿಸಿದೆ. ದೇಶದಲ್ಲಿ ಕ್ಷಯದ ಪ್ರಮಾಣ ೨೦೧೫ರಲ್ಲಿ ಲಕ್ಷಕ್ಕೆ ೨೩೭ ಇದ್ದುದು ೨೦೨೪ಕ್ಕೆ ೧೮೭ಕ್ಕೆ ಇಳಿದಿದ್ದರೂ, ೨೦೨೫ರೊಳಗೆ ರೋಗವನ್ನು ತೊಲಗಿಸುವ ಗುರಿ ಕೈಗೂಡಲಿಲ್ಲ. ಆದುದರಿಂದ ಇಂತಹ ಸಾಧನಗಳ ಬಳಕೆ ಹೆಚ್ಚುವುದೇ ಸಹಜ. ನಾವು ಅದನ್ನು ವಿರೋಧಿಸುವುದಿಲ್ಲ; ಕೆಲವು ಷರತ್ತುಗಳನ್ನು ಮುಂದಿಡುತ್ತೇವೆ. ಅಪಾಯದ ಗುರುತು ಬಿದ್ದ ರೋಗಿಗೆ ಹೆಚ್ಚಿನ ನೆರವು ದೊರೆಯಬೇಕೇ ಹೊರತು ದುಬಾರಿಯಾದ ಹೊಸ ಔಷಧಿಯನ್ನು ನಿರಾಕರಿಸುವುದಕ್ಕೆ ಅದು ನೆಪವಾಗಕೂಡದು. ಆ ಗುರುತು ಮನೆಯ ಮಾಲೀಕನಿಗಾಗಲಿ ಕೆಲಸದ ಧಣಿಗಾಗಲಿ ತಿಳಿಯಕೂಡದು. ೨೦೨೩ರ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾನೂನು ಕಾಗದದ ಮೇಲೆ ಉಳಿಯಬಾರದು. ಕಾರ್ಯಕರ್ತರ ಪ್ರತಿಯೊಂದು ಭೇಟಿಯೂ ದಾಖಲಾಗಬೇಕು. ಅವರ ಶ್ರಮವನ್ನು ಎಣಿಸದ ಯಂತ್ರ ಅವರ ಹುದ್ದೆಯನ್ನೇ ಅನಾವಶ್ಯಕವೆಂದು ತೋರಿಸೀತು. ಕೊನೆಯದಾಗಿ, ನಗರಪಾಲಿಕೆಯು ಒಂದೊಂದು ವಿಭಾಗಕ್ಕೂ, ನಮ್ಮ ಆರ್ ದಕ್ಷಿಣ ವಿಭಾಗಕ್ಕೂ, ಮೂರು ಅಂಕಿಗಳನ್ನು ಪ್ರಕಟಿಸಲಿ: ಎಷ್ಟು ಮಂದಿಗೆ ಅಪಾಯದ ಗುರುತು ಬಿದ್ದಿತು, ವಾರದೊಳಗೆ ಎಷ್ಟು ಮಂದಿಯನ್ನು ಕಂಡು ಮಾತನಾಡಿಸಲಾಯಿತು, ಅವರಲ್ಲಿ ಎಷ್ಟು ಮಂದಿ ಗುಣ ಹೊಂದಿದರು. ಸಾಧನದ ಯೋಗ್ಯತೆಯನ್ನು ಅಳೆಯುವುದಕ್ಕೆ ಈ ಮೂರು ಸಾಕು.

ಅಧಿಕಾರಿಗಳಿಗೆ ಹೇಳಿದ ಮೇಲೆ ನಮಗೆ ನಾವೇ ಹೇಳಿಕೊಳ್ಳಬೇಕಾದುದೂ ಇದೆ. ಹಗಲು ಎಂಜಲು ಬಳಿದ ಹುಡುಗರಿಗೆ ರಾತ್ರಿಶಾಲೆಗಳನ್ನು ತೆರೆದು ವಿದ್ಯೆ ಕೊಟ್ಟ ಸಮಾಜ ಮುಂಬಯಿ ಕನ್ನಡಿಗರದು. ಅದೇ ಸಮಾಜ ಇಂದು ಕ್ಷಯದ ಹೆಸರು ಕೇಳಿದೊಡನೆ ಕದ ಮುಚ್ಚಿಕೊಳ್ಳುವುದು ಶೋಭಿಸದು. ಹೋಟೆಲಿನ ಮಾಲೀಕರು ರೋಗಿಯಾದ ನೌಕರನನ್ನು ಊರಿಗೆ ಸಾಗಹಾಕುವ ಬದಲು, ಅವನು ಗುಣವಾಗಿ ಬರುವವರೆಗೆ ಕೆಲಸವನ್ನು ಕಾಯ್ದಿಡಲಿ. ಔಷಧಿ ತರಲು ವೇಳೆ ಕೊಡಲಿ. ನಮ್ಮ ಸಂಘಗಳು, ಭಜನಾ ಮಂಡಳಿಗಳು ಚಿಕಿತ್ಸಾಲಯಕ್ಕೆ ಜೊತೆಯಾಗಿ ಹೋಗಿ ಕನ್ನಡದಲ್ಲಿ ತಿಳಿಸಿ ಹೇಳಬಲ್ಲ ನಾಲ್ಕಾರು ಮಂದಿಯನ್ನು ಗೊತ್ತುಮಾಡಲಿ. ಊರಿಗೆ ಹೊರಟ ರೋಗಿಯು ಮೊದಲು ತನ್ನ ಚಿಕಿತ್ಸಾಲಯಕ್ಕೆ ತಿಳಿಸಲಿ. ಅವನ ದಾಖಲೆಯನ್ನು ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸುವ ಏರ್ಪಾಡು ನಿಕ್ಷಯ ವ್ಯವಸ್ಥೆಯಲ್ಲಿದೆ. ಅದರ ಸಹಾಯವಾಣಿ ೧೮೦೦-೧೧-೬೬೬೬ಕ್ಕೆ ಮಾಡುವ ಕರೆಗೆ ಹಣ ಬೀಳುವುದಿಲ್ಲ. ಇವು ದೊಡ್ಡ ಕೆಲಸಗಳಲ್ಲ. ಆದರೆ ಯಂತ್ರ ಕಂಡ ಅಪಾಯಗಳಲ್ಲಿ ಹಲವು ಇಷ್ಟರಿಂದಲೇ ಕರಗಿಹೋಗುವಂತಹವು.

ಮಳೆ ಬರುವುದೆಂದು ಹವಾಮಾನ ಕಚೇರಿ ಹೇಳಿದರೆ ಆ ಮಾತು ನಿಜವಾದಷ್ಟೂ ಅದಕ್ಕೆ ಕೀರ್ತಿ. ರೋಗಿಯೊಬ್ಬನು ಚಿಕಿತ್ಸೆಯಲ್ಲಿ ಸೋಲುವನೆಂಬ ಸೂಚನೆ ಆ ಜಾತಿಯದಲ್ಲ. ಮಳೆಯನ್ನು ನಾವು ತಡೆಯಲಾರೆವು, ಈ ಸೋಲನ್ನು ತಡೆಯಬಲ್ಲೆವು. ಸೂಚನೆ ಬಂದ ಮೇಲೆ ಯಾರೂ ಬಾಗಿಲು ತಟ್ಟದೆ, ಆರು ತಿಂಗಳ ನಂತರ ಯಂತ್ರದ ಮಾತು ಸರಿಯಾಯಿತೆಂದು ಲೆಕ್ಕ ಒಪ್ಪಿಸಿದರೆ ಅದು ವಿಜ್ಞಾನದ ಗೆಲುವಲ್ಲ, ನಮ್ಮೆಲ್ಲರ ಅಪರಾಧ. ಆ ಭವಿಷ್ಯವನ್ನು ಸುಳ್ಳಾಗಿಸುವುದಕ್ಕೆಂದೇ ಅದನ್ನು ಕೇಳಬೇಕು. ನಗರಪಾಲಿಕೆಯೂ ವೈದ್ಯರೂ ಧಣಿಗಳೂ ನೆರೆಹೊರೆಯೂ ಕೂಡಿ ಅದನ್ನು ಸುಳ್ಳಾಗಿಸಿದ ದಿನವೇ ಈ ಹೊಸ ವಿದ್ಯೆ ಕಾಂದಿವಲಿಯ ಬಡವನಿಗೆ ನಿಜವಾಗಿ ಉಪಕಾರ ಮಾಡಿದಂತಾಗುವುದು.